ನಡುವಿನ ಪುಟಗಳಿಲ್ಲದ ಕಥೆ

ಬಂಡವಾಳಶಾಹಿ ಪ್ರಜಾಪ್ರಭುತ್ವದೊಳಗೆ ಸಮಾಜವಾದಿ ಧೋರಣೆಗಳು ನಡೆಯಬಲ್ಲವೇ? ಈ ಹಳೆಯ ಚರ್ಚೆಗೆ ಉತ್ತರವೆಂಬಂತೆ ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ 2013ರಲ್ಲಿ ‘ದಿ ಸ್ಪಿರಿಟ್ ಆಫ್ ಫಾರ್ಟಿಫೈವ್’ ಎಂಬ ಸಾಕ್ಷ್ಯಚಿತ್ರ ತೆಗೆದರು. 1945ರ ಚುನಾವಣೆಯಲ್ಲಿ ಗೆದ್ದ ಅಟ್ಲಿಯವರ ಲೇಬರ್ ಸರಕಾರ ಗಣಿ, ರೈಲು, ಆಸ್ಪತ್ರೆಗಳನ್ನು ರಾಷ್ಟ್ರೀಕರಿಸಿದ ಕಥೆ ಇದು. ಕಪ್ಪು-ಬಿಳುಪು ತುಣುಕುಗಳ ನಡುವೆ ಆ ಕಾಲ ಕಂಡ ವೃದ್ಧರು ತಮ್ಮ ಬಡತನವನ್ನೂ ಅಂದಿನ ಹುರುಪನ್ನೂ ನೆನೆಯುವಾಗ ಯಾರ ಮನಸ್ಸೂ ಕರಗದಿರದು.

ಆದರೆ ಚಿತ್ರ ಅಲ್ಲಿಂದ ಒಂದೇ ನೆಗೆತಕ್ಕೆ 1979ಕ್ಕೆ, ಥ್ಯಾಚರ್ ಅವರ ಆಗಮನಕ್ಕೆ ಬಂದುಬಿಡುತ್ತದೆ. ನಡುವಿನ ವರ್ಷಗಳು ಎಲ್ಲಿ ಹೋದವು? ಚರ್ಚೆಯ ತಿರುಳಿರುವುದೇ ಅಲ್ಲಿ.

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ತಜ್ಞ ವೈದ್ಯರನ್ನು ಒಲಿಸಿಕೊಳ್ಳಲು, ಸರಕಾರಿ ಆಸ್ಪತ್ರೆಯಲ್ಲೇ ಖಾಸಗಿ ರೋಗಿಗಳನ್ನು ನೋಡಲು ಮಂತ್ರಿ ಬೆವನ್ ಒಪ್ಪಬೇಕಾಯಿತು. 1951ರಲ್ಲಿ, ಕೊರಿಯಾ ಯುದ್ಧದ ಕಾಲದ ಸೇನಾ ವೆಚ್ಚದ ಒತ್ತಡದಲ್ಲಿ, ಅವರದೇ ಪಕ್ಷದ ಸರಕಾರ ಕನ್ನಡಕಕ್ಕೂ ಕಟ್ಟಿಸುವ ಹಲ್ಲಿಗೂ ಶುಲ್ಕ ಹಾಕಿತು. ಬೆವನ್ ರಾಜೀನಾಮೆ ಕೊಟ್ಟರು. ಥ್ಯಾಚರ್ ಆಗ ಪಾರ್ಲಿಮೆಂಟಿನ ಸದಸ್ಯೆಯೂ ಆಗಿರಲಿಲ್ಲ!

ಇನ್ನೊಂದು ಮಾತು. 1947ರಲ್ಲಿ ರಾಷ್ಟ್ರೀಕೃತವಾದ ಕಲ್ಲಿದ್ದಲು ಉದ್ಯಮ 1994ರಲ್ಲಿ ಖಾಸಗಿಯವರ ಪಾಲಾಯಿತು. ಆರೋಗ್ಯ ಸೇವೆಯಾದರೋ ಇಂದಿಗೂ ಬಹುಮಟ್ಟಿಗೆ ತೆರಿಗೆಯ ಹಣದಿಂದಲೇ ನಡೆಯುತ್ತಿದೆ. ಹೀಗೇಕೆ? ಕಲ್ಲಿದ್ದಲು ಮಂಡಳಿಯ ಮೊದಲ ಅಧ್ಯಕ್ಷ ಲಾರ್ಡ್ ಹಿಂಡ್ಲಿ ಗಣಿ ಕಂಪೆನಿಯಿಂದಲೇ ಬಂದವರು. ಧಣಿ ಬದಲಾದರೂ ಗಣಿ ಕಾರ್ಮಿಕನ ಕೈಗೆ ಆಡಳಿತ ಬರಲಿಲ್ಲ. ಗಣಿ ಅವನ ಊರಿನ ಚಿಂತೆಯಾಗಿ ಉಳಿಯಿತು. ಆಸ್ಪತ್ರೆ ಹಾಗಲ್ಲ, ಕನ್ಸರ್ವೇಟಿವ್ ಪಕ್ಷಕ್ಕೆ ಮತ ಹಾಕುವ ಮನೆಯ ಮಗುವೂ ಅಲ್ಲೇ ಹುಟ್ಟುತ್ತದೆ. ಅದನ್ನು ಮುಚ್ಚುತ್ತೇವೆಂದು ಹೇಳಿ ಮತ ಕೇಳುವ ಧೈರ್ಯ ಥ್ಯಾಚರ್ ಅವರಿಗೂ ಬರಲಿಲ್ಲ.

ನನ್ನಂಥ ಕೇಂದ್ರ ಸರಕಾರಿ ನೌಕರರಿಗೆ 1954ರಲ್ಲಿ ದೆಹಲಿಯಲ್ಲಿ ಆರಂಭವಾದ ಆರೋಗ್ಯ ಯೋಜನೆ ಉಂಟು. ಬೀದಿಯ ತರಕಾರಿಯವನಿಗೆ ಅದರಲ್ಲಿ ಪಾಲಿಲ್ಲ. ನಾಳೆ ಅದಕ್ಕೆ ಕುತ್ತು ಬಂದರೆ ಅವನೇಕೆ ನಮ್ಮ ಪರವಾಗಿ ನಿಂತಾನು?

ಸಮಾಜವಾದಿ ಧೋರಣೆ ಬಂಡವಾಳಶಾಹಿಯ ನಡುವೆಯೂ ನಡೆಯಬಲ್ಲದು; ಆದರೆ ಅದು ಎಲ್ಲರ ಮನೆಯನ್ನೂ ಮುಟ್ಟಬೇಕು, ಪ್ರತಿ ವರ್ಷದ ಬಜೆಟ್ಟಿನಲ್ಲೂ ಅದಕ್ಕಾಗಿ ಹೋರಾಡುವವರಿರಬೇಕು. ಲೋಚ್ ಗೆಲುವಿನ ದಿನವನ್ನು ಸೊಗಸಾಗಿ ತೋರಿಸಿದ್ದಾರೆ. ತರುಣರಿಗೆ ಈ ಚಿತ್ರ ತೋರಿಸುವವರು 1951ರ ಕನ್ನಡಕದ ಕಥೆಯನ್ನೂ ಜೊತೆಗೆ ಹೇಳಲಿ.