ಕರಿ ಕೋಟಿನ ಕಾಡು ಕುದುರೆ

ರಾಗಿಗುಡ್ಡ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಜಯನಗರದ ಆಂಜನೇಯನನ್ನೋ ಮೆಟ್ರೋ ಸ್ಟೇಷನ್ನನ್ನೋ ನೆನೆಸ್ಕೋತಾರೆ. ನಾನು ಹೇಳ್ತಿರೋದು ಶಿವಮೊಗ್ಗದ ರಾಗಿಗುಡ್ಡ. ನಾನು ಅಲ್ಲಿಯವನು ಅಂತ ಗೊತ್ತಾದ ಮೇಲೆ ಆಫೀಸಿನ ರಾಜ್ಯೋತ್ಸವದಲ್ಲಿ ಒಂದು ಬೇಡಿಕೆ ಖಾಯಂ: ನಿಮ್ಮೂರ ಸುಬ್ಬಣ್ಣನವರ ಕಾಡು ಕುದುರೆ ಹಾಕಿ, ಒಳ್ಳೇ ಜಾನಪದ ಗೀತೆ!

ಇಷ್ಟರಲ್ಲೇ ಎರಡು ತಿದ್ದುಪಡಿ ಬೇಕು. 'ಕಾಡು ಕುದುರೆ ಓಡಿ ಬಂದಿತ್ತಾ' ಜಾನಪದ ಗೀತೆ ಅಲ್ಲ. ಬರೆದವರು ಚಂದ್ರಶೇಖರ ಕಂಬಾರ; ಧಾಟಿ ಹಾಕಿದ್ದೂ, 'ಕಾಡು ಕುದುರೆ' ಸಿನಿಮಾ ನಿರ್ದೇಶಿಸಿದ್ದೂ ಅವರೇ. ಅದರ ಕನ್ನಡವೂ ನಮ್ಮೂರಿನದ್ದಲ್ಲ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕವಿಯದ್ದು. ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು 1938ರಲ್ಲಿ, ಹೊಸನಗರ ತಾಲ್ಲೂಕಿನ ನಗರದಲ್ಲಿ, ವೃತ್ತಿಯಲ್ಲಿ ವಕೀಲರು. ಅಂದರೆ ಮಲೆನಾಡಿನ ಕರಿ ಕೋಟಿನ ಮನುಷ್ಯರೊಬ್ಬರು ಉತ್ತರ ಕರ್ನಾಟಕದ ಮಾತನ್ನು ಹಾಡಿದರು. 1978ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯೂ ಬಂತು.

ಹಾಗಾದ್ರೆ ಇದು ನಕಲಿಯಾ? ಹೆಡ್‌ಫೋನ್ ಹಾಕ್ಕೊಂಡು 'ಬಂದಿತ್ತಾ' ಅನ್ನೋ ಒಂದೇ ಪದ ಕೇಳಿ ನೋಡಿ. ನಮ್ಮ ಕಡೆ 'ಇತ್ತಾ' ಅಂದರೆ ಪ್ರಶ್ನೆ. ಇಲ್ಲಿ ಅದು ಸುದ್ದಿ. ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತಾ'ದಲ್ಲೂ ಇದೇ ಬಾಲ ಇದೆ. ಕಂಡದ್ದನ್ನು ಊರಿಗೆ ಬಂದು ಹೇಳುವವನ ಬೆರಗು ಆ ದೀರ್ಘದಲ್ಲಿ ಕೂತಿರುತ್ತೆ. ಸುಬ್ಬಣ್ಣ ಅಲ್ಲಿ ಸಂಗತಿ ಹಾಕಿ ಮೆರೆಯೋಕೆ ಹೋಗಲ್ಲ, ಹಳ್ಳಿಯವರ ಥರ ನಟಿಸೋದೂ ಇಲ್ಲ. ಗಂಟಲು ತೆರೆದು ಪದವನ್ನು ಎತ್ತರಕ್ಕೆ ಎಸೀತಾರೆ, ಅಷ್ಟೇ. ನನ್ನ ಪ್ರಕಾರ ದೇಸಿತನ ಇರೋದು ಇಲ್ಲಿ, ಡೊಳ್ಳು ಸೇರಿಸಿದ ಮಾತ್ರಕ್ಕೆ ಬರೋದಲ್ಲ ಅದು. ಇವತ್ತಿನ ಎಷ್ಟೋ 'ಫೋಕ್ ಫ್ಯೂಷನ್'ಗಳಲ್ಲಿ ಡ್ರಮ್ಸ್ ಕುಣಿಯುತ್ತೆ, ಪದ ಕುಂಟುತ್ತೆ.

ಆದ್ರೂ ಒಂದು ತಕರಾರು ಇದೆ. ಸುಬ್ಬಣ್ಣನವರು ಶರೀಫರ ತತ್ವಪದಗಳನ್ನೂ ಹಾಡಿದ್ದಾರೆ. ಆ ಪದಗಳ ಹುಟ್ಟೂರು ಕಡೆ ಅವು ಭಜನಾ ಮೇಳದ ಸೊತ್ತು. ಒಬ್ಬ ಎತ್ತಿಕೊಟ್ಟರೆ ಉಳಿದವರು ತಾಳ ತಟ್ಟಿ ಪಲ್ಲವಿ ಹಿಡೀತಾರೆ. ದನಿ ಒಡೆದವನಿಗೂ ಅಲ್ಲಿ ಜಾಗ ಇದೆ. ಕ್ಯಾಸೆಟ್ಟಿನ ಸುಗಮ ಸಂಗೀತ ಅದೇ ಪದವನ್ನು ಒಂದು ಅಪರೂಪದ ಕಂಠಕ್ಕೆ ಕೊಟ್ಟು, ಉಳಿದವರನ್ನೆಲ್ಲ ಕೇಳುಗರನ್ನಾಗಿ ಕೂರಿಸಿತು. ಹಾಡು ನನ್ನಂಥವರ ಮನೆಗೂ ತಲುಪಿದ್ದು ಇದರಿಂದಲೇ, ನಿಜ. ಆದರೆ ಹಾಡು ಒಳಗೆ ಬಂತು, ಹಾಡೋ ಅಭ್ಯಾಸ ಹೊಸ್ತಿಲಾಚೆ ಉಳೀತು.

2022ರ ಆಗಸ್ಟ್‌ನಲ್ಲಿ ಸುಬ್ಬಣ್ಣ ತೀರಿಕೊಂಡ ದಿನ ನನ್ನ ಗೆಳೆಯರ ಸ್ಟೇಟಸ್ ತುಂಬ ಅದೇ ಕುದುರೆ. ಎಲ್ಲರೂ ಹಂಚಿಕೊಂಡರು, ಒಬ್ಬರೂ ಗುನುಗಿದ್ದು ಕಾಣಲಿಲ್ಲ. ಆ ಎತ್ತರ ನಮಗೆ ಸಿಕ್ಕೋದಿಲ್ಲ ಅನ್ನೋ ಸಂಕೋಚ ಇರಬಹುದು. ಸಿಗಬೇಕಾಗೂ ಇಲ್ಲ. ಸುಬ್ಬಣ್ಣನವರನ್ನು ಕೇಳಿ ಕಲೀಬೇಕಾದ್ದು ಅವರ ಶ್ರುತಿ ಅಲ್ಲ, ಪದದ ಮೇಲೆ ಅವರಿಟ್ಟ ನಂಬಿಕೆ. ಮುಂದಿನ ನವೆಂಬರ್‌ನಲ್ಲಿ ಹಾಡು 'ಹಾಕಿ' ಅನ್ನೋ ಬದಲು ಯಾರಾದರೂ ಒಬ್ಬರು ಎತ್ತಿಕೊಡಿ. 'ಇತ್ತಾ' ಅನ್ನೋದಕ್ಕೆ ನಾವಿದ್ದೀವಿ.