ಜುಟ್ಟಿಗೆ ಮಲ್ಲಿಗೆಯೋ, ಕಣ್ಣಿಗೆ ಚಾಳೀಸೋ?

ಮಿರರ್‌ಲೆಸ್ ಎಂದು ಕರೆಯಲಾಗುವ ಸಣ್ಣ ಕ್ಯಾಮರಾಗಳ ನೆತ್ತಿಯ ಮೇಲೆ ಬೇರೆಯಾಗಿ ತಂದು ಕೂರಿಸುವ ಎಲೆಕ್ಟ್ರಾನಿಕ್ ವ್ಯೂಫೈಂಡರಿನ ವಿಷಯದಲ್ಲಿ ವಿಮರ್ಶಕರು ಸಾಮಾನ್ಯವಾಗಿ ಎರಡು ಮಾತು ಹೇಳಿ ಮುಗಿಸುತ್ತಾರೆ. ಒಂದು, ಅದು ದುಬಾರಿ. ಎರಡು, ಅದು ಕುರೂಪಿ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ನಮ್ಮ ಗಾದೆಯನ್ನು ಅವರು ಕೇಳಿದ್ದರೆ ಅದನ್ನೂ ಸೇರಿಸುತ್ತಿದ್ದರೇನೋ. ಈ ತೀರ್ಪನ್ನು ಒಪ್ಪಲು ನಾನು ಸಿದ್ಧನಿಲ್ಲ. ಈ ಸಾಧನ ಹಿಟ್ಟಿನ ಜಾತಿಗೆ ಸೇರಿದ್ದು. ಅದನ್ನು ಮಲ್ಲಿಗೆಯೆಂದು ಬಗೆದು ಮಾರಿದವರು ಕ್ಯಾಮರಾ ಕಂಪನಿಗಳು. ದೂರಬೇಕಾದರೆ ಅವರನ್ನು ದೂರಬೇಕು.

ನಮ್ಮ ಸಂಘದ ರಾಜ್ಯೋತ್ಸವದಲ್ಲಿ, ಗಣೇಶೋತ್ಸವದಲ್ಲಿ, ವಾರ್ಷಿಕ ಪ್ರವಾಸದಲ್ಲಿ ಕ್ಯಾಮರಾ ಹಿಡಿದು ಓಡಾಡುವ ಸದಸ್ಯರು ಕಡಿಮೆಯೇನಿಲ್ಲ. ಅವರಲ್ಲಿ ನಲವತ್ತು ದಾಟಿದವರೇ ಹೆಚ್ಚು. ಆದ್ದರಿಂದ ಈ ಚರ್ಚೆ ನಮ್ಮ ಪತ್ರಿಕೆಗೆ ಹೊರತಾದುದಲ್ಲವೆಂದು ಭಾವಿಸಿದ್ದೇನೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಹಳೆಯ ಎಸ್.ಎಲ್.ಆರ್. ಕ್ಯಾಮರಾದ ಹೊಟ್ಟೆಯಲ್ಲಿ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತಿತ್ತು. ಲೆನ್ಸಿನ ಮೂಲಕ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ, ನಾವು ಕಣ್ಣಿಟ್ಟು ನೋಡುವ ಕಿಂಡಿಗೆ ಕಳಿಸುತ್ತಿತ್ತು. ಆ ಕನ್ನಡಿಯನ್ನು ತೆಗೆದುಹಾಕಿದರೆ ಕ್ಯಾಮರಾ ತೆಳ್ಳಗಾಗುತ್ತದೆ, ಹಗುರಾಗುತ್ತದೆ. ಆದರೆ ಕಿಂಡಿಗೆ ಬೆಳಕು ಬರುವ ದಾರಿ ಮುಚ್ಚಿಹೋಗುತ್ತದೆ. ಇದಕ್ಕೆ ಪರಿಹಾರ ಎರಡು. ಕಿಂಡಿಯೊಳಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಪರದೆಯನ್ನಿಟ್ಟು ಅದನ್ನು ಕ್ಯಾಮರಾದಲ್ಲಿಯೇ ಅಡಕ ಮಾಡುವುದು ಒಂದು. ಕಿಂಡಿಯನ್ನೇ ಕೈಬಿಟ್ಟು, ಬೆನ್ನ ಮೇಲಿನ ಪರದೆಯನ್ನು ನೋಡಿಯೇ ಚಿತ್ರ ತೆಗೆಯಿರಿ, ಕಿಂಡಿ ಬೇಕೆನ್ನುವವರು ಬೇರೆ ಹಣ ಕೊಟ್ಟು ಕೊಂಡು ಮೇಲೆ ಸಿಕ್ಕಿಸಿಕೊಳ್ಳಿರಿ ಎನ್ನುವುದು ಇನ್ನೊಂದು. 2008ರಲ್ಲಿ ಪ್ಯಾನಸೋನಿಕ್‌ನ ಜಿ1 ಮೊದಲನೆಯ ದಾರಿ ಹಿಡಿಯಿತು. 2009ರ ಜೂನ್‌ನಲ್ಲಿ ಬಂದ ಒಲಿಂಪಸ್ ಇ-ಪಿ1ಕ್ಕೆ ಕಿಂಡಿಯೇ ಇರಲಿಲ್ಲ. ಅದೇ ನವೆಂಬರಿನಲ್ಲಿ ಬಂದ ಇ-ಪಿ2ರ ಜೊತೆಗೆ ವಿಎಫ್-2 ಎಂಬ ಸಿಕ್ಕಿಸುವ ವ್ಯೂಫೈಂಡರ್ ಬಂತು. ಈ ಜಾತಿಯ ಸಾಧನಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅದೇ.

ನೆತ್ತಿಯ ಮೇಲೆ ಏನನ್ನಾದರೂ ಕೂರಿಸುವ ಪದ್ಧತಿ ಹೊಸದೇನಲ್ಲ. 1925ರ ಲೈಕಾ ಕ್ಯಾಮರಾದ ಮೇಲಿದ್ದ ಲೋಹದ ಹಳಿ, ಈಗ ನಾವು ‘ಷೂ’ ಎನ್ನುವುದು, ದೂರ ಅಳೆಯುವ ಸಾಧನವನ್ನು ಸಿಕ್ಕಿಸುವುದಕ್ಕೆಂದು ಇದ್ದದ್ದು. ಮುಂದೆ ಬೇರೆ ಬೇರೆ ಲೆನ್ಸುಗಳಿಗೆ ಹೊಂದುವ ಗಾಜಿನ ವ್ಯೂಫೈಂಡರುಗಳೂ ಅದರ ಮೇಲೆ ಕುಳಿತವು. ಆದರೆ ಅವುಗಳಿಗೆಲ್ಲ ಒಂದು ಜನ್ಮದೋಷವಿತ್ತು. ಕಿಂಡಿ ಕಾಣುವುದೇ ಬೇರೆ, ಲೆನ್ಸು ಕಾಣುವುದೇ ಬೇರೆ. ಕಿಂಡಿಯು ಲೆನ್ಸಿಗಿಂತ ಐದು ಸೆಂಟಿಮೀಟರ್ ಮೇಲಿದ್ದರೆ ಅದರ ನೋಟವೂ ಐದು ಸೆಂಟಿಮೀಟರ್ ಮೇಲೆಯೇ. ದೂರದ ಬೆಟ್ಟಕ್ಕೆ ಇದು ಲೆಕ್ಕಕ್ಕಿಲ್ಲ. ಮೂರಡಿ ದೂರದ ಮುಖಕ್ಕೆ ಲೆಕ್ಕವಿದೆ. ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ, ಆಗ್ಫಾ ಕ್ಲಿಕ್-3ರಂಥ ಡಬ್ಬಿ ಕ್ಯಾಮರಾಗಳ ಕಾಲದಲ್ಲಿ, ತಲೆ ಕತ್ತರಿಸಿಹೋದ ಎಷ್ಟು ಮಂದಿ ಮಾವಂದಿರು, ಚಿಕ್ಕಪ್ಪಂದಿರು ಇಲ್ಲ! ಎಲೆಕ್ಟ್ರಾನಿಕ್ ವ್ಯೂಫೈಂಡರ್ ತೋರಿಸುವುದು ಲೆನ್ಸಿನ ನೋಟವನ್ನೇ ಆದ್ದರಿಂದ ಈ ದೋಷ ಪೂರ್ತಿ ಹೋಯಿತು. ಇದು ಅದರ ಮೊದಲ ಗುಣ.

ಇನ್ನು ಅದರ ಕಣ್ಣಿನ ಶಕ್ತಿಯ ಲೆಕ್ಕ. ವಿಎಫ್-2ಕ್ಕೆ 14.4 ಲಕ್ಷ ಚುಕ್ಕೆಗಳೆಂದು ಕಂಪನಿ ಹೇಳುತ್ತದೆ. ಕೆಂಪು, ಹಸಿರು, ನೀಲಿ ಮೂರು ಚುಕ್ಕೆ ಸೇರಿ ಚಿತ್ರದ ಒಂದು ಬಿಂದು ಆಗುವುದರಿಂದ ನಿಜವಾದ ಲೆಕ್ಕ 800ನ್ನು 600ರಿಂದ ಗುಣಿಸಿದಷ್ಟು, ಅಂದರೆ 4.8 ಲಕ್ಷ ಬಿಂದು. 2011ರಲ್ಲಿ ಸೋನಿ ತನ್ನ ನೆಕ್ಸ್-5ಎನ್ ಕ್ಯಾಮರಾಕ್ಕೆ ಕೊಟ್ಟದ್ದೂ, 2013ರಲ್ಲಿ ಒಲಿಂಪಸ್ ವಿಎಫ್-4ಕ್ಕೆ ಕೊಟ್ಟದ್ದೂ 23.6 ಲಕ್ಷ ಚುಕ್ಕೆ. ಅಂದರೆ 1024ನ್ನು 768ರಿಂದ ಗುಣಿಸಿದಷ್ಟು ಬಿಂದು. 2009ರಲ್ಲಿ ಪ್ಯಾನಸೋನಿಕ್ ತನ್ನ ಜಿಎಫ್1ಕ್ಕೆ ಮಾರಿದ ಎಲ್‌ವಿಎಫ್1ರಲ್ಲಿ ಇದ್ದದ್ದು ಸುಮಾರು 2 ಲಕ್ಷ ಚುಕ್ಕೆ ಮಾತ್ರ. ವಿಎಫ್-2ರ ಮುಂದೆ ಅದು ಮಬ್ಬುಗಣ್ಣೇ ಸರಿ. ಸಿಕ್ಕಿಸುವ ವ್ಯೂಫೈಂಡರುಗಳೆಲ್ಲ ಒಂದೇ ಎಂದು ತಿಳಿದು ಅಗ್ಗದ್ದನ್ನು ಕೊಳ್ಳಬಾರದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಆದರೆ ಅಂಕಿಗಳಿಗಿಂತ ಮುಖ್ಯವಾದ ಮಾತು ಬೇರೆ ಇದೆ. ನಡುಹಗಲಿನ ನೇರ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್. ನಮ್ಮ ಕಚೇರಿಗಳ ಮೇಜಿನ ಮೇಲಿರುವುದು ಮುನ್ನೂರರಿಂದ ಐನೂರು ಲಕ್ಸ್. ಕೋಣೆಯೊಳಗೆ ಚೆನ್ನಾಗಿ ಕಾಣುವ ಪರದೆ ಮೇ ತಿಂಗಳ ಮಧ್ಯಾಹ್ನದ ಬಯಲಿನಲ್ಲಿ ಕರಿ ಗಾಜಾಗುವುದು ಇದರಿಂದಲೇ. ಅದರಲ್ಲಿ ಕಾಣುವುದು ಚಿತ್ರಕ್ಕಿಂತ ನಮ್ಮದೇ ಮುಖ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಬಿಸಿಲು ನುಗ್ಗಲಾರದು.

ಬಿಸಿಲಿಗೆ ಕೈ ಮರೆಮಾಡಿ ಹೇಗೋ ನೋಡಿದೆವೆನ್ನಿ. ವಯಸ್ಸಿಗೆ ಏನನ್ನು ಮರೆಮಾಡುವುದು? ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತದೆ. ನಾವು ಅದಕ್ಕೆ ಹಾಕಿಕೊಳ್ಳುವ ಕನ್ನಡಕದ ಹೆಸರೇ ಚಾಳೀಸು; ನೆರೆಯ ಮರಾಠಿಯವರಿಗೆ ಚಾಳೀಶಿ. ಬೆನ್ನ ಮೇಲಿನ ಪರದೆಯನ್ನು ನಾವು ಹಿಡಿಯುವುದು ಒಂದಡಿ, ಒಂದೂಕಾಲಡಿ ದೂರದಲ್ಲಿ. ಅದನ್ನು ನೋಡಲು ಚಾಳೀಸು ಬೇಕು; ಎದುರಿಗಿರುವ ಮನುಷ್ಯನನ್ನು ನೋಡಲು ಚಾಳೀಸು ಅಡ್ಡಿ. ಹಾಕಿ ತೆಗೆದು, ಹಾಕಿ ತೆಗೆದು ಮಾಡುವಷ್ಟರಲ್ಲಿ ಮಗು ನಕ್ಕು ಮುಗಿಸಿರುತ್ತದೆ. ವ್ಯೂಫೈಂಡರಿನ ಒಳಗಿನ ಮಸೂರ ಒಂದು ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಕಣ್ಣಿಗೆ ಅಂಗುಲದಷ್ಟು ಹತ್ತಿರದಲ್ಲಿರುವ ಪುಟ್ಟ ಪರದೆಯ ಬಿಂಬವನ್ನು ಅದು ದೂರಕ್ಕೆ ತಳ್ಳಿ ದೊಡ್ಡದು ಮಾಡಿ ತೋರಿಸುತ್ತದೆ. ಬಿ.ಎಸ್ಸಿ. ತರಗತಿಯಲ್ಲಿ ಎಲ್ಲರೂ ಕಲಿತು ಮರೆತ ಪಾಠ ಇದು. ಕಣ್ಣಿನ ಸುತ್ತಲಿನ ಬಳೆಯನ್ನು ಸ್ವಲ್ಪ ತಿರುಗಿಸಿ ನಮ್ಮ ಕಣ್ಣಿಗೆ ಸರಿಹೊಂದಿಸಿಟ್ಟರೆ, ಚಾಳೀಸನ್ನು ಕಿಸೆಯಿಂದ ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಇಪ್ಪತ್ತೈದರ ಹರೆಯದವರು ಬರೆಯುವ ವಿಮರ್ಶೆಗಳಲ್ಲಿ ಈ ಮಾತು ಬರುವುದೇ ಅಪರೂಪ. ಅವರ ಕಣ್ಣಿಗೆ ಅದು ಅಲಂಕಾರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮೊಬೈಲ್ ಫೋನಿನಲ್ಲೇ ಸೊಗಸಾದ ಚಿತ್ರ ಬರುವಾಗ ಇದೆಲ್ಲ ಯಾಕೆ ಎನ್ನುವವರಿಗೂ ಇದೇ ಉತ್ತರ. ಚಿತ್ರ ಬರುತ್ತದೆ, ನಿಜ. ಬಿಸಿಲಿನಲ್ಲಿ ಚಾಳೀಸಿಲ್ಲದೆ ಆ ಫೋನನ್ನು ಹಿಡಿದವನಿಗೆ ತಾನು ಏನನ್ನು ತೆಗೆಯುತ್ತಿದ್ದೇನೆಂದು ತಿಳಿಯುವುದು ಮನೆಗೆ ಬಂದ ಮೇಲೆ.

ಈ ಸಾಧನಕ್ಕೆ ಇನ್ನೊಂದು ಗುಣವಿದೆ. ಕ್ಯಾಮರಾದಲ್ಲೇ ಅಡಕವಾದ ಕಿಂಡಿಗಳಲ್ಲಿ ಹೆಚ್ಚಿನವಕ್ಕೆ ಅದು ಇಲ್ಲ. ವಿಎಫ್-2ರ ಕಣ್ಣನ್ನು ಮೇಲ್ಮುಖವಾಗಿ 90 ಡಿಗ್ರಿಯವರೆಗೆ ಎತ್ತಬಹುದು. ಆಗ ಕ್ಯಾಮರಾವನ್ನು ಎದೆಯ ಕೆಳಗೆ ಹಿಡಿದು, ಬಾವಿಯೊಳಗೆ ಇಣುಕುವವರಂತೆ ತಲೆ ಬಗ್ಗಿಸಿ ನೋಡುವುದು ಸಾಧ್ಯ. 1929ರಲ್ಲಿ ಬಂದ ರೋಲಿಫ್ಲೆಕ್ಸ್ ಕ್ಯಾಮರಾವನ್ನು ಹಿಡಿಯುತ್ತಿದ್ದ ರೀತಿ ಹೆಚ್ಚುಕಡಿಮೆ ಇದೇ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯಿ ವ್ಯಾರಾವಾಲಾ ಅವರೂ ಆ ಕ್ಯಾಮರಾವನ್ನು ಬಳಸಿದವರು. ಕಣ್ಣಿಗೆ ಕ್ಯಾಮರಾ ಒತ್ತಿ ನಿಂತವನು ಬಂದೂಕು ಗುರಿಯಿಟ್ಟವನಂತೆ ಕಾಣುತ್ತಾನೆ. ತಲೆ ಬಗ್ಗಿಸಿದವನು ನಮಸ್ಕರಿಸುವವನಂತೆ. ದಾದರ್‌ನ ಹೂವಿನ ಮಾರುಕಟ್ಟೆಯಲ್ಲಿ ನಾನು ಎಷ್ಟೋ ಭಾನುವಾರ ಇದನ್ನು ಗಮನಿಸಿದ್ದೇನೆ. ಮಾಲೆ ಕಟ್ಟುವ ಹೆಂಗಸರನ್ನು ‘ಒಂದು ಫೋಟೋ ತೆಗೆಯಲೇ’ ಎಂದು ಕೇಳಿ, ಒಪ್ಪಿಗೆ ಪಡೆದು, ಕ್ಯಾಮರಾ ಮುಖಕ್ಕೆ ಎತ್ತಿದರೆ ಕೈ ನಿಂತುಬಿಡುತ್ತದೆ, ಸೆರಗು ಸರಿಯಾಗುತ್ತದೆ. ಕೆಳಗೆ ಹಿಡಿದು ನೋಡಿದರೆ ಕೈ ತನ್ನ ಪಾಡಿಗೆ ಹೂವು ಪೋಣಿಸುತ್ತಿರುತ್ತದೆ. ಮೇಲಾಗಿ ನೆಲದ ಮೇಲೆ ಕುಳಿತವರನ್ನು ಅವರದೇ ಎತ್ತರದಿಂದ ನೋಡಿದಂತಾಗುತ್ತದೆ. ಮೇಲಿನಿಂದ ನೋಡಿದ ಚಿತ್ರದಲ್ಲಿ ಅವರು ಕುಳ್ಳರಾಗಿಬಿಡುತ್ತಾರೆ. ಹಾಗೆಂದು ಕದ್ದು ಚಿತ್ರ ತೆಗೆಯಲು ಇದು ಒಳ್ಳೆಯ ಉಪಾಯವೆಂದು ಯಾರೂ ತಿಳಿಯಬಾರದು. ಬಗ್ಗಿದ ತಲೆಗೆ ಬೆಲೆ ಬರುವುದು ಕೇಳಿ ಬಗ್ಗಿದಾಗ.

ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಕ್ಯಾಮರಾಕ್ಕೆ ಇರುವುದು ಒಂದೇ ಷೂ. ಅದರ ಮೇಲೆ ವ್ಯೂಫೈಂಡರ್ ಕುಳಿತರೆ ಫ್ಲ್ಯಾಶಿಗೆ ಜಾಗವಿಲ್ಲ. ಇ-ಪಿ2ರಂತೆ ಒಡಲಲ್ಲೇ ಫ್ಲ್ಯಾಶ್ ಇಲ್ಲದ ಕ್ಯಾಮರಾದಲ್ಲಿ ಕಣ್ಣು ಬೇಕೋ ಬೆಳಕು ಬೇಕೋ ಎಂದು ಆರಿಸಿಕೊಳ್ಳಬೇಕು. ವಿಎಫ್-2ರಲ್ಲಿ ಪರದೆಯಿಂದ ಕಿಂಡಿಗೆ ಬದಲಾಯಿಸಲು ಪ್ರತಿ ಸಲ ಗುಂಡಿ ಒತ್ತಬೇಕು. ಕಣ್ಣು ಹತ್ತಿರ ಬಂದುದನ್ನು ತಾನೇ ಅರಿಯುವ ಜಾಣತನ ವಿಎಫ್-4ಕ್ಕೆ ಬಂತು. ಷೂವಿನಿಂದ ಜಾರದಂತೆ ತಡೆಯುವ ಚಿಲಕವೂ ವಿಎಫ್-2ಕ್ಕೆ ಇಲ್ಲ. ಕಿಸೆಯಲ್ಲಿ ಹಿಡಿಯಬೇಕೆಂದು ಕೊಂಡ ಕ್ಯಾಮರಾ ಈ ಕೊಂಬು ಬಂದಮೇಲೆ ಕಿಸೆಯಲ್ಲಿ ಹಿಡಿಯುವುದಿಲ್ಲ. ಕತ್ತಲೆಯ ಸಭಾಂಗಣದಲ್ಲಿ ಅದರೊಳಗಿನ ಚಿತ್ರ ಮರಳು ಎರಚಿದಂತಾಗಿ, ಯಕ್ಷಗಾನದ ವೇಷಧಾರಿ ಒಂದು ಸುತ್ತು ತಿರುಗಿ ನಿಂತಮೇಲೆ ಅವನ ಬಿಂಬ ಹಿಂದಿನಿಂದ ಓಡಿಬಂದು ಸೇರಿಕೊಳ್ಳುತ್ತದೆ. ಇವೆಲ್ಲ ನಿಜ. ಆದರೆ ಇವು ತಂತ್ರದ ದೋಷಗಳು. ಕಾಲ ಇವುಗಳಲ್ಲಿ ಬಹುಪಾಲನ್ನು ತಿದ್ದಿದೆ.

ಕಾಲ ತಿದ್ದದ ದೋಷ ವ್ಯಾಪಾರದ್ದು. 2009ರ ಜೂನ್‌ನಲ್ಲಿ ಪ್ರಕಟವಾದ ಇ-ಪಿ1ರಲ್ಲಿ ವಿಎಫ್-2 ಕೂರಿಸಲು ಬೇಕಾದ ವಿದ್ಯುತ್ ಸಂಪರ್ಕದ ಕಿಂಡಿಯೇ ಇಲ್ಲ. ಐದು ತಿಂಗಳ ಹಿಂದೆ ಕೊಂಡವನಿಗೆ ಕಣ್ಣಿಲ್ಲ, ಐದು ತಿಂಗಳು ಕಾದವನಿಗೆ ಕಣ್ಣು! ಪ್ಯಾನಸೋನಿಕ್‌ನ ಜಿಎಫ್1ರ ವ್ಯೂಫೈಂಡರ್ 2011ರ ಜಿಎಕ್ಸ್1ಕ್ಕೆ ಹೊಂದದು. ಅದಕ್ಕೆ ಎಲ್‌ವಿಎಫ್2 ಎಂಬ ಬೇರೆಯದು. ಒಲಿಂಪಸ್ಸಿಗೆ ಸಲ್ಲಬೇಕಾದ ಹೊಗಳಿಕೆಯನ್ನೂ ಹೇಳಬೇಕು. ಅದು ಒಂದೇ ಬಗೆಯ ಸಂಪರ್ಕವನ್ನು 2016ರ ಇ-ಪಿಎಲ್8ರವರೆಗೆ ಉಳಿಸಿಕೊಂಡಿತು. 2012ರಲ್ಲಿ ಪ್ರಕಟವಾದ ಲೈಕಾ ಎಂ ಕ್ಯಾಮರಾದ ಮೇಲೂ ಅದೇ ವಿಎಫ್-2 ಕೆಲಸ ಮಾಡುತ್ತದೆ. ಲೈಕಾ ಅದನ್ನೇ ತನ್ನ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮಾರಿತು. ಆದರೆ 2018ರ ಇ-ಪಿಎಲ್9ರಲ್ಲಿ ಆ ಸಂಪರ್ಕ ಮಾಯವಾಯಿತು, 2021ರ ಇ-ಪಿ7ರಲ್ಲೂ ಇಲ್ಲ. ಹಳೆಯ ಕ್ಯಾಮರಾ ಕೆಟ್ಟರೆ ಒಳ್ಳೆಯ ಕಣ್ಣು ಮೇಜಿನ ಖಾನೆ ಸೇರಬೇಕಾಯಿತು.

ಬೇಡದವನು ಯಾಕೆ ಹಣ ಕೊಡಬೇಕು, ಬೇಕಾದವನು ಕೊಂಡುಕೊಳ್ಳಲಿ ಎಂಬುದು ಕಂಪನಿಗಳ ವಾದ. ನ್ಯಾಯವಾದ ಮಾತೇ. ಆದರೆ ಹಾಗೆ ಹೇಳುವವರು ಕೊಂಡವನ ಹಣಕ್ಕೆ ಆಯುಸ್ಸನ್ನೂ ಕೊಡಬೇಕು. ಷೂವಿನ ಅಳತೆಗೆ ಐಎಸ್‌ಒ 518 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಅದರ ದೆಸೆಯಿಂದ, 1950ರ ದಶಕದ ಗಾಜಿನ ವ್ಯೂಫೈಂಡರ್ ಇವತ್ತಿನ ಕ್ಯಾಮರಾದ ಮೇಲೂ ಸರಾಗವಾಗಿ ಕೂರುತ್ತದೆ. ಎಲೆಕ್ಟ್ರಾನಿಕ್ ಕಣ್ಣಿನ ಸಂಪರ್ಕಕ್ಕೆ ಇಂಥ ಸರ್ವಮಾನ್ಯ ನಿಯಮ ಆಗಲಿಲ್ಲ. ಎಪ್ಪತ್ತು ವರ್ಷದ ಗಾಜು ಬದುಕಿದೆ, ಹತ್ತು ವರ್ಷದ ಎಲೆಕ್ಟ್ರಾನಿಕ್ಸ್ ಅನಾಥವಾಗಿದೆ. ಸರ್ಕಾರಿ ಗುಮಾಸ್ತನಿಗೆ ನಿಯಮಗಳ ಮೇಲೆ ವ್ಯಾಮೋಹ ಹೆಚ್ಚು ಎಂದು ನಗುವವರು ನಗಲಿ. ಇಲ್ಲಿ ಒಂದು ನಿಯಮದ ಬೆಲೆ ಎಷ್ಟೆಂಬುದು ಕಣ್ಣಿಗೆ ಕಾಣುತ್ತದೆ.

ಸಣ್ಣ ಒಡಲಿನಲ್ಲಿ ಕಿಂಡಿ ಹಿಡಿಸಲು ಸಾಧ್ಯವೇ ಇರಲಿಲ್ಲವೆಂಬ ಸಮರ್ಥನೆಯೂ ಬಹುಕಾಲ ನಿಲ್ಲಲಿಲ್ಲ. 2013ರ ಪ್ಯಾನಸೋನಿಕ್ ಜಿಎಕ್ಸ್7 ಮೇಲಕ್ಕೆ ಎತ್ತಬಹುದಾದ ಕಣ್ಣನ್ನು ಒಡಲಲ್ಲೇ ಇಟ್ಟುಕೊಂಡು ಬಂತು. 2014ರಲ್ಲಿ ಸೋನಿ ಆರ್‌ಎಕ್ಸ್100ರ ಮೂರನೆಯ ಆವೃತ್ತಿ, ಅಂಗೈಯಷ್ಟು ಕ್ಯಾಮರಾದ ಮೂಲೆಯಿಂದ ಬಸವನಹುಳುವಿನ ಕಣ್ಣಿನಂತೆ ಮೇಲೇಳುವ ವ್ಯೂಫೈಂಡರನ್ನು ತೋರಿಸಿತು. ಹಿಂದಿನ ವರ್ಷದ ಎರಡನೆಯ ಆವೃತ್ತಿಗೆ ಅದು ಸಿಕ್ಕಿಸುವ ಸಾಧನವಾಗಿತ್ತು. ಒಂದು ವರ್ಷದಲ್ಲಿ ಒಳಗೆ ಹೋಗಬಲ್ಲ ಕಣ್ಣಿಗೆ ಹೊರಗೆ ಕೂತಿರಲು ಬಲವಾದ ಕಾರಣವಿತ್ತೆಂದು ನಂಬುವುದು ಕಷ್ಟ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಹೊಸದಾಗಿ ಕ್ಯಾಮರಾ ಕೊಳ್ಳುವವರು, ಅದರಲ್ಲೂ ನಲವತ್ತರ ಆಚೆಯವರು, ಒಡಲಲ್ಲೇ ಕಣ್ಣಿರುವುದನ್ನು ಕೊಳ್ಳಬೇಕು. ಆ ಕಣ್ಣು ಮೇಲಕ್ಕೆ ಏಳುವಂತಿದ್ದರೆ ಇನ್ನೂ ಒಳ್ಳೆಯದು. ಹಳೆಯದನ್ನೇ ಕೊಳ್ಳುವ ನಮ್ಮಂಥ ಸಂಬಳದಾರರು ಕ್ಯಾಮರಾವನ್ನೂ ವ್ಯೂಫೈಂಡರನ್ನೂ ಜೋಡಿಯಾಗಿಯೇ ಕೊಳ್ಳಬೇಕು. ಕ್ಯಾಮರಾ ಇವತ್ತು, ಕಣ್ಣು ಮುಂದಿನ ಬೋನಸ್ಸಿಗೆ ಎಂದು ಮುಂದೂಡಿದರೆ ಆ ಹೊತ್ತಿಗೆ ಸಿಗುವ ಭರವಸೆಯಿಲ್ಲ. ಹಣ ಎಣಿಸುವ ಮೊದಲು ಎರಡನ್ನೂ ಜೋಡಿಸಿ, ಅಂಗಡಿಯ ನೆರಳು ಬಿಟ್ಟು ರಸ್ತೆಯ ಬಿಸಿಲಿಗೆ ಬನ್ನಿ. ಚಾಳೀಸನ್ನು ಕಿಸೆಯಲ್ಲಿಡಿ, ಬಳೆ ತಿರುಗಿಸಿ, ಎದುರಿನ ಅಂಗಡಿಯ ಬೋರ್ಡಿನ ಸಣ್ಣಕ್ಷರವನ್ನು ಕಿಂಡಿಯೊಳಗಿಂದ ಓದಿ ನೋಡಿ. ಆಮೇಲೆ ಕಣ್ಣನ್ನು ನೆಟ್ಟಗೆ ಮೇಲೆತ್ತಿ, ಬಿಗಿಯಾಗಿ ನಿಲ್ಲುತ್ತದೆಯೇ ಪರೀಕ್ಷಿಸಿ. ಎರಡರಲ್ಲೂ ಪಾಸಾದರೆ ಚೌಕಾಸಿಗೆ ಇಳಿಯಬಹುದು.