ಉತ್ತರ ಪತ್ರಿಕೆ ಮರಳಿ ಬರಲಿ

ಪದವಿ ಪರೀಕ್ಷೆಯಲ್ಲಿ ದೀರ್ಘ ಉತ್ತರದ ಪ್ರಶ್ನೆ ಎಂಬುದೊಂದಿದೆ. ಹೆಸರು ಏನೇ ಇರಲಿ, ಅದು ಪ್ರಬಂಧವೇ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಓದುವ ಹೆಚ್ಚಿನ ಮಕ್ಕಳಿಗೆ, ತಾವು ಕನ್ನಡದಲ್ಲಿ ನಾಲ್ಕು ಪುಟ ಬರೆದು ಇನ್ನೊಬ್ಬರು ಅದನ್ನು ಓದುವ ಕೊನೆಯ ಸಂದರ್ಭವೂ ಅದೇ. ಮುಂದೆ ಬ್ಯಾಂಕಿಗೋ ಬೆಂಗಳೂರಿನ ಹೋಟೆಲಿಗೋ ದುಬೈಗೋ ಕೆಲಸಕ್ಕೆ ಹೋದ ಮೇಲೆ ಅವರ ಬರವಣಿಗೆಯನ್ನು ಯಾರೂ ಕೇಳುವುದಿಲ್ಲ. ಆ ನಾಲ್ಕು ಪುಟಗಳಿಗೆ ನಾವು ಅಂಕ ಹಾಕುವ ರೀತಿಯನ್ನು, ಒಂದು ಪುಸ್ತಕವನ್ನು ವಿಮರ್ಶಿಸುವಷ್ಟೇ ಶ್ರದ್ಧೆಯಿಂದ ನೋಡಬೇಕು.

ಕಲಿಸುವವರು ಒಂದು ಕಡೆ, ಅಳೆಯುವವರು ಇನ್ನೊಂದು ಕಡೆ ಎಂಬ ಏರ್ಪಾಡು ಈ ಕರಾವಳಿಗೆ ಹಳೆಯದು. 1857ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಶುರುವಾದ ಮದ್ರಾಸ್ ವಿಶ್ವವಿದ್ಯಾನಿಲಯದ ಮುಖ್ಯ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು. ಪಾಠ ಹೇಳುವುದು ಕಾಲೇಜುಗಳ ಪಾಲಿಗೆ. ನಮ್ಮ ಜಿಲ್ಲೆ ಆಗ ಮದ್ರಾಸಿನ ಕೆಳಗಿತ್ತು. ಕುಂದಾಪುರದಲ್ಲಿ 1963ರಲ್ಲಿ ಭಂಡಾರ್ಕಾರ್ಸ್ ಕಾಲೇಜು ತೆರೆದಾಗ ಪರೀಕ್ಷೆ ಮೈಸೂರು ವಿಶ್ವವಿದ್ಯಾನಿಲಯದ್ದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಆ ಅಧಿಕಾರ ಅದರ ನೆಲೆಯಾದ ಕೊಣಾಜೆಗೆ ಬಂತು. ದೂರ ಕಡಿಮೆಯಾಯಿತು, ಏರ್ಪಾಡು ಹಾಗೆಯೇ ಉಳಿಯಿತು.

ಅದರಲ್ಲಿ ಒಳ್ಳೆಯದೂ ಇದೆ, ಅದನ್ನು ಬಿಟ್ಟುಕೊಡಬಾರದು. ನಮ್ಮದು ಎಲ್ಲರಿಗೂ ಎಲ್ಲರ ಮನೆತನ ಗೊತ್ತಿರುವ ಊರು. ಯಾರ ಮಗ, ಯಾವ ಜಾತಿ, ತಂದೆ ಯಾವ ಪಕ್ಷದವರು ಎಂಬುದು ಹಾಜರಿ ಕರೆಯುವ ಮೊದಲೇ ತಿಳಿದಿರುತ್ತದೆ. ಹೆಸರಿಲ್ಲದ ಬಂಡಲು ಬೇರೆ ಕಾಲೇಜಿನ ಮೇಷ್ಟ್ರ ಮುಂದೆ ಬಿಚ್ಚಿಕೊಂಡಾಗ ಮೀನುಗಾರರ ಮನೆಯ ಹುಡುಗಿಯೂ ವಕೀಲರ ಮಗನೂ ಬರೀ ಕೈಬರಹವಾಗುತ್ತಾರೆ. ಇದು ಸಣ್ಣ ನ್ಯಾಯವಲ್ಲ.

ತೊಂದರೆ ಶುರುವಾಗುವುದು ಸ್ಕೀಮಿನಿಂದ, ಅಂದರೆ ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಮೌಲ್ಯಮಾಪಕರಿಗೆ ಕೊಡುವ ಪಟ್ಟಿಯಿಂದ. ಯಕ್ಷಗಾನದ ಸ್ವರೂಪವನ್ನು ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆಯನ್ನು ಊಹಿಸಿಕೊಳ್ಳಿ. ಸ್ಕೀಮಿನಲ್ಲಿ ಹುಟ್ಟು ಬೆಳವಣಿಗೆ, ತೆಂಕು ಬಡಗು, ಹಿಮ್ಮೇಳ ಮುಮ್ಮೇಳ, ವೇಷಭೂಷಣ, ಪ್ರಸಂಗ, ಒಂದೊಂದಕ್ಕೆ ಎರಡು ಅಂಕ. ಗೈಡ್ ಓದಿದವನು ಐದೂ ಉಪಶೀರ್ಷಿಕೆ ಹಾಕಿ, ಅಡಿಗೆರೆ ಎಳೆದು, ಒಂದೊಂದರ ಕೆಳಗೆ ಮೂರು ಸಾಲು ಬರೆಯುತ್ತಾನೆ. ಇನ್ನೊಬ್ಬಳು ಮಂದಾರ್ತಿ ಮೇಳದ ಹರಕೆ ಆಟವನ್ನು ಕೊಯ್ಲು ಮುಗಿದ ಗದ್ದೆಯಲ್ಲಿ ಕೂತು ಬೆಳಗಿನವರೆಗೆ ನೋಡಿದವಳು. ಬಣ್ಣದ ವೇಷ ಬರುವ ಹೊತ್ತಿಗೆ ಚೆಂಡೆ ಹೇಗೆ ಬದಲಾಗುತ್ತದೆ, ಜನ ತೂಕಡಿಸುವ ಜಾವದಲ್ಲಿ ಭಾಗವತರು ಅರ್ಥಗಾರಿಕೆಯನ್ನು ಎಲ್ಲಿ ಮೊಟಕುಗೊಳಿಸುತ್ತಾರೆ ಎಂದು ಎರಡೂವರೆ ಪುಟ ಬರೆಯುತ್ತಾಳೆ. ನಡುನಡುವೆ ಮನೆಯ ಕುಂದಾಪ್ರ ಕನ್ನಡ ನುಸುಳಿರುತ್ತದೆ. ಅವಳಿಗೆ ಸಿಗುವುದು ಹಿಮ್ಮೇಳದ ಎರಡು, ಪ್ರಸಂಗದ ಎರಡು, ಉದಾರಿಯಾದ ಮೌಲ್ಯಮಾಪಕರಿದ್ದರೆ ಇನ್ನೊಂದು. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು ಇಲ್ಲಿ ನಷ್ಟದ ಬಾಬತ್ತು ಎಂದು ಅವಳು ಮುಂದಿನ ಸೆಮಿಸ್ಟರಿನೊಳಗೆ ಕಲಿಯುತ್ತಾಳೆ. ಈ ವ್ಯವಸ್ಥೆ ಮಾಡುವ ಅತಿ ದೊಡ್ಡ ಹಾನಿ ಇದೇ.

ಸ್ಕೀಮ್ ಯಾಕೆ ಬಂತು ಎಂಬುದಕ್ಕೂ ಕಾರಣವಿದೆ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾಗಿದ್ದ, ಮುಂದೆ ಭಾರತದ ಶಿಕ್ಷಣದ ಕುರಿತು 1929ರ ಸಮಿತಿಯ ಅಧ್ಯಕ್ಷರಾದ ಫಿಲಿಪ್ ಹಾರ್ಟಾಗ್, 1935ರಲ್ಲಿ ಇಂಗ್ಲೆಂಡಿನಲ್ಲಿ ರೋಡ್ಸ್ ಎಂಬವರ ಜೊತೆ ಒಂದು ಅಧ್ಯಯನ ಪ್ರಕಟಿಸಿದರು. ಮೊದಲು ಒಂದೇ ಅಂಕ ಪಡೆದಿದ್ದ 15 ಇತಿಹಾಸ ಪತ್ರಿಕೆಗಳನ್ನು ಅನುಭವಿ ಪರೀಕ್ಷಕರಿಗೆ ಕೊಟ್ಟಾಗ 40ಕ್ಕೂ ಹೆಚ್ಚು ಬೇರೆ ಬೇರೆ ಅಂಕಗಳು ಬಂದವು. ಒಂದು ವರ್ಷಕ್ಕೂ ಮಿಕ್ಕಿದ ಅವಧಿಯ ನಂತರ ಅವೇ ಪತ್ರಿಕೆಗಳನ್ನು 14 ಪರೀಕ್ಷಕರಿಗೆ ಮತ್ತೆ ಕೊಟ್ಟರೆ, 210 ತೀರ್ಪುಗಳಲ್ಲಿ 92ನ್ನು ಅವರೇ ಬದಲಿಸಿದ್ದರು. ಪ್ರಬಂಧಕ್ಕೆ ಅಂಕ ಹಾಕುವುದು ಇಷ್ಟು ಅಸ್ಥಿರವಾದದ್ದು. ಸ್ಕೀಮ್ ಆ ಅಸ್ಥಿರತೆಯನ್ನು ಸ್ವಲ್ಪ ಕಟ್ಟಿಹಾಕುತ್ತದೆ. ಆದರೆ ಕಟ್ಟಿಹಾಕುವ ಭರದಲ್ಲಿ ಓದುವಿಕೆಯನ್ನೇ ಟಿಕ್ ಮಾಡುವ ಕೆಲಸವಾಗಿಸಿದೆ. ಬರವಣಿಗೆಯ ಓಟಕ್ಕೆ, ಸ್ವಂತ ಗಮನಿಕೆಗೆ ಹತ್ತರಲ್ಲಿ ಮೂರು ಅಂಕ ಮೀಸಲಿಟ್ಟರೆ ಸ್ಕೀಮೇನೂ ಮುರಿದು ಬೀಳುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ವಿದ್ಯಾರ್ಥಿಗೆ ಸಿಗುವುದು ಒಂದು ಸಂಖ್ಯೆ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 2011ರಲ್ಲಿ, ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿತು. ಹಕ್ಕು ದೊಡ್ಡದು. ಆದರೆ ದುಡ್ಡು ಕಟ್ಟಿ ಝೆರಾಕ್ಸ್ ಪ್ರತಿ ತರಿಸಿಕೊಂಡವರಿಗೂ ಅಂಚಿನಲ್ಲಿ ಕಾಣುವುದು ಅಂಕ ಮಾತ್ರ. ಯಾಕೆ ಐದು, ಏಳಾಗಲು ಏನು ಬೇಕಿತ್ತು ಎಂಬುದಕ್ಕೆ ಅಲ್ಲಿ ಒಂದು ಅಕ್ಷರವಿಲ್ಲ.

ಆ ಅಕ್ಷರ ಬರೆಯಬೇಕಾದ ಜಾಗ ಇಂಟರ್ನಲ್ಸ್. ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ನಮ್ಮಲ್ಲಿ ಜಾರಿಯಾದಾಗ ಆಂತರಿಕ ಅಂಕಗಳು 40ಕ್ಕೆ ಏರಿದ್ದವು. 2024-25ರಲ್ಲಿ ರಾಜ್ಯ ಆ ನೀತಿಯನ್ನು ಕೈಬಿಟ್ಟ ಮೇಲೆ ಮತ್ತೆ 20. ಈ ಏರಿಳಿತದ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯಿತು. 40 ಇದ್ದಾಗಲೂ 20 ಆದಾಗಲೂ ಅಸೈನ್‌ಮೆಂಟನ್ನು ಓದುವವರು ಯಾರು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯಿತು. ಮಕ್ಕಳು ಮೊಬೈಲಿನಿಂದ ನಕಲು ಇಳಿಸುತ್ತಾರೆ, ಈಗಂತೂ ಯಂತ್ರವೇ ಬರೆದುಕೊಡುತ್ತದೆ. ಅಧ್ಯಾಪಕರು ಹಾಳೆ ತಿರುವಿ, ಸಹಿ ಹಾಕಿ, ಪೋರ್ಟಲಿಗೆ ಅಂಕ ಏರಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಎಷ್ಟೋ ಸರಕಾರಿ ಕಾಲೇಜುಗಳಲ್ಲಿ ಕನ್ನಡ ಪಾಠ ನಿಂತಿರುವುದು ಅತಿಥಿ ಉಪನ್ಯಾಸಕರ ಮೇಲೆ. ತರಗತಿ ತುಂಬ ಮಕ್ಕಳು, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದು. ಅವರಿಂದ ಐದು ಅಸೈನ್‌ಮೆಂಟಿನ ಗಂಭೀರ ಓದನ್ನು ಕೇಳುವುದು ಅನ್ಯಾಯ.

ಒಂದನ್ನು ಕೇಳಬಹುದು. ಸೆಮಿಸ್ಟರಿಗೆ ಒಂದೇ ಪ್ರಬಂಧ, ತರಗತಿಯಲ್ಲೇ ಕೂತು ಬರೆದದ್ದು, ಊರಿನ ವಿಷಯದ ಮೇಲೆ. ಕೆಳಗೆ ಅಧ್ಯಾಪಕರ ಮೂರು ವಾಕ್ಯ: ಯಾವುದು ಚೆನ್ನಾಗಿದೆ, ಎಲ್ಲಿ ಜಾರಿದೆ, ಇನ್ನೊಮ್ಮೆ ಬರೆಯುವಾಗ ಏನು ಮಾಡಬೇಕು. ಆಮೇಲೆ ತಿದ್ದಿ ಬರೆದ ಪ್ರತಿಗೆ ಅಂಕ. ಪಕ್ಷಪಾತದ ಹೆದರಿಕೆಯಿದ್ದರೆ ತಿದ್ದಿದ ಪ್ರತಿಗಳನ್ನು ಕಾಲೇಜುಗಳು ಹೆಸರು ಮುಚ್ಚಿ ಅದಲು ಬದಲು ಮಾಡಿಕೊಳ್ಳಲಿ. ಶಂಕರನಾರಾಯಣದವು ಬೈಂದೂರಿಗೆ, ಬೈಂದೂರಿನವು ಕೋಟ ಪಡುಕೆರೆಗೆ. ಬಸ್ಸಿನಲ್ಲಿ ಅರ್ಧ ದಿನದ ಕೆಲಸ. ಇದನ್ನು ಮುಂದಿನ ಸೆಮಿಸ್ಟರಿನಲ್ಲೇ ಮಾಡಿ ನೋಡಬಹುದು, ಕೊಣಾಜೆಯ ಹೊಸ ನಿಯಮಕ್ಕೆ ಕಾಯಬೇಕಾಗಿಲ್ಲ. ಆ 20 ಅಂಕ ಈಗಲೂ ಕಾಲೇಜಿನ ಕೈಯಲ್ಲೇ ಇದೆ.